ಮಾಲೂರು ಬರುತ್ತೆ, ಕೋಲಾರ ಬರಲ್ಲ: ಎಪಿಐ ಖಾಲಿ ಲಿಸ್ಟ್ ಕೊಡ್ತಿದೆ, ತಲೆ ಕೆಟ್ಟೋಗಿದೆ

ಮಂಡಿ_ಕೋಡರ್ · ರಾತ್ರಿ 9:12
ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ಒಬ್ಬರು ಟೊಮೆಟೊ ಮಂಡಿಯವರಿಗೆ ಸಣ್ಣದೊಂದು ಎಪಿಐ (ಆ್ಯಪ್ ಕೇಳಿದ ಮಾಹಿತಿ ಸರ್ವರಿಂದ ಕೊಡೋ ಪ್ರೋಗ್ರಾಮ್) ಮಾಡಿಕೊಡ್ತಿದೀನಿ. ರೈತರ ಪಟ್ಟಿ, ಯಾರ ಲಾಟ್ ಎಷ್ಟು ಬಾಕ್ಸ್ ಬಂತು, ಹರಾಜಲ್ಲಿ ಏನು ರೇಟಿಗೆ ಹೋಯ್ತು, ಅಷ್ಟೇ. ಪೈಥಾನ್, ಫಾಸ್ಟ್‌ಎಪಿಐ, ಹಿಂದೆ ಪೋಸ್ಟ್‌ಗ್ರೆಸ್. ಉತ್ತರ ಜೇಸನ್ ಅನ್ನೋ ಪಠ್ಯ ರೂಪದಲ್ಲಿ ಹೋಗುತ್ತೆ, ಮೊಬೈಲ್ ಆ್ಯಪ್ ಅದನ್ನ ತಗೊಂಡು ತೋರಿಸುತ್ತೆ.

ಸಮಸ್ಯೆ ಏನಂದ್ರೆ ತಾಲ್ಲೂಕಿನ ಹೆಸರು ಕೊಟ್ಟು ಫಿಲ್ಟರ್ ಮಾಡಿದ್ರೆ ಮಾಲೂರಿಗೆ 61 ಜನ ಬರ್ತಾರೆ, ಸರಿಯಾಗಿದೆ. ಮುಳಬಾಗಿಲಿಗೆ 48, ಅದೂ ಸರಿ. ಕೋಲಾರ ಕೊಟ್ರೆ ಖಾಲಿ ಲಿಸ್ಟ್!! ಬಂಗಾರಪೇಟೆ ಖಾಲಿ, ಶ್ರೀನಿವಾಸಪುರ ಖಾಲಿ. ಕೆಜಿಎಫ್ ಇನ್ನೂ ವಿಚಿತ್ರ, ಪುಸ್ತಕದಲ್ಲಿ 14 ಜನ ಇದಾರೆ, 9 ಜನ ಮಾತ್ರ ಬರ್ತಾರೆ. ಎಲ್ಲದಕ್ಕೂ ಸ್ಟೇಟಸ್ 200 (ಅಂದ್ರೆ ಎಲ್ಲಾ ಸರಿ), ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಡೇಟಾಬೇಸ್ ತೆಗೆದು ಕಣ್ಣಲ್ಲಿ ನೋಡಿದ್ರೆ ಕೋಲಾರದವರು 212 ಜನ ಕೂತಿದಾರೆ. ನನ್ನ 23 ಟೆಸ್ಟೂ ಪಾಸ್. ಮಂಡಿ ಸಾಹುಕಾರ್ರು "ಏನಪ್ಪಾ, ಕೋಲಾರದ ಮಂಡೀಲಿ ಕೋಲಾರದ ರೈತರೇ ಇಲ್ವಾ" ಅಂತ ಕೇಳಿದ್ರು, ಏನ್ ಹೇಳಲಿ ನಾನು?

ಅಂತರಗಂಗೆ_ಗಾಳಿ · ರಾತ್ರಿ 9:15
ಕೋಲಾರದವರು ಎಲ್ಲ ಬೆಂಗಳೂರಿಗೆ ಡ್ಯೂಟಿಗೆ ಹೋಗಿದಾರೆ ಗುರು, ರಾತ್ರಿ ಟ್ರೈನಿಗೆ ವಾಪಸ್ ಬರ್ತಾರೆ, ಆಮೇಲೆ ನೋಡು

ಟೆನ್ಶನ್_ತಿಮ್ಮ · ರಾತ್ರಿ 9:17
ಕ್ಯಾಶ್ (ಹಳೇ ಉತ್ತರ ನೆನಪಿಟ್ಕೊಂಡಿರೋದು) ಇರಬೇಕು ಬ್ರೋ. ರೀಸ್ಟಾರ್ಟ್ ಮಾಡಿ ನೋಡಿ

ಮಂಡಿ_ಕೋಡರ್ · ರಾತ್ರಿ 9:18
ಕ್ಯಾಶೇ ಇಲ್ಲ. ರೀಸ್ಟಾರ್ಟ್ ಹತ್ತು ಸಲ ಆಯ್ತು

ಮಾರಿಕುಪ್ಪಂ_ಲೋಕಲ್ · ರಾತ್ರಿ 9:24
ಯುಆರ್‌ಎಲ್ ಎನ್‌ಕೋಡಿಂಗ್ (ವೆಬ್ ವಿಳಾಸದಲ್ಲಿ ಅಕ್ಷರ ಬರೆಯೋ ರೀತಿ) ನೋಡಿದ್ರಾ? ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ಪರ್ಸೆಂಟ್ ಗುರುತು ಹಾಕಿ ಬರೆದ್ರೆ ಒಂದಕ್ಕೆ ಒಂಬತ್ತು ಅಕ್ಷರ ಆಗುತ್ತೆ. ಮಧ್ಯದಲ್ಲಿ ಯಾವುದಾದ್ರೂ ಪ್ರಾಕ್ಸಿ ಎರಡು ಸಲ ಎನ್‌ಕೋಡ್ ಮಾಡಿದ್ರೆ ಕಥೆ ಮುಗೀತು. ನಮ್ಮಲ್ಲಿ ಹಂಗೇ ಆಗಿತ್ತು, ಎರಡು ದಿನ ಹೋಯ್ತು.

ಮಂಡಿ_ಕೋಡರ್ · ರಾತ್ರಿ 9:27
ಹಂಗಿದ್ರೆ ಮಾಲೂರು ಕೂಡ ಬರಬಾರದಲ್ವಾ? ಅದು ಬರ್ತಾ ಇದೆಯಲ್ಲ, ಅದೂ ಕನ್ನಡದಲ್ಲೇ ಕೊಡ್ತಿರೋದು

ಮಾರಿಕುಪ್ಪಂ_ಲೋಕಲ್ · ರಾತ್ರಿ 9:28
ಹೂಂ ಅದೂ ನಿಜ

ಹಳೇ_ಜಾವಾ · ರಾತ್ರಿ 9:31
ಮೊದಲನೇ ತಪ್ಪು ಅಲ್ಲೇ ಇದೆ ನೋಡಪ್ಪ. ಏನೂ ಸಿಗದೇ ಇದ್ದಾಗ 200 ಯಾಕೆ ಕೊಡ್ತೀಯ? 404 ಕೊಡಬೇಕು. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಈಗಿನ ಹುಡುಗರು ಎಲ್ಲದಕ್ಕೂ 200 ಕೊಟ್ಟು ಒಳಗಡೆ "ಸಕ್ಸಸ್: ಫಾಲ್ಸ್" ಅಂತ ಬರೀತಾರೆ.

ಗುಡಿಬಂಡೆ_ಗುರು · ರಾತ್ರಿ 9:35
@ಹಳೇ_ಜಾವಾ ಇಲ್ಲ ಸಾರ್, ಒಪ್ಪಲ್ಲ. ಪಟ್ಟಿ ಕೇಳಿದಾಗ ಪಟ್ಟಿ ಖಾಲಿ ಇದ್ರೆ ಖಾಲಿ ಪಟ್ಟೀನೇ ಉತ್ತರ, ಅದು 200. ಒಬ್ಬ ರೈತನ ನಂಬರ್ ಕೊಟ್ಟು ಕೇಳಿ ಆ ನಂಬರ್ ಇಲ್ಲ ಅಂದ್ರೆ ಅದು 404. ಇವತ್ತು ಮುಳಬಾಗಿಲಿಂದ ಲೋಡೇ ಬಂದಿಲ್ಲ ಅಂತಿಟ್ಕೊಳ್ಳಿ, ಅದೇನು ತಪ್ಪಾ? ಬಂದಿಲ್ಲ ಅಷ್ಟೇ. ಅದಕ್ಕೆ 404 ಕೊಟ್ರೆ ಆ್ಯಪ್ ಬರೆಯೋನು ದಾರಿನೇ ತಪ್ಪಿದೆ ಅಂದ್ಕೋತಾನೆ.

ಹಳೇ_ಜಾವಾ · ರಾತ್ರಿ 9:38
ಹಾಗಾದ್ರೆ "ಕೋಲಾರ್ರ್ರ್" ಅಂತ ಕೊಟ್ರೂ 200 ಖಾಲಿ ಪಟ್ಟಿ? "ಮಂಗಳ ಗ್ರಹ" ಅಂತ ಕೊಟ್ರೂ 200? ಚೆನ್ನಾಗಿದೆ ನಿಮ್ಮ ನ್ಯಾಯ

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 9:46
ಇಬ್ರೂ ಅರ್ಧರ್ಧ ಸರಿ ಹೇಳ್ತಿದೀರ, ಸುಮ್ಮನೆ ಜಗಳ.

ನಿಜವಾದ ತಾಲ್ಲೂಕು, ರೈತರು ಇಲ್ಲ ಅಂದ್ರೆ 200, ಖಾಲಿ ಪಟ್ಟಿ. ಅಂಥ ತಾಲ್ಲೂಕೇ ಇಲ್ಲ ಅಂದ್ರೆ 400, ಇಲ್ಲಾ 422 (ಕೇಳಿದ್ದೇ ತಪ್ಪು ಅನ್ನೋ ಕೋಡ್), ಜೊತೆಗೆ "ಈ ತಾಲ್ಲೂಕು ನನಗೆ ಗೊತ್ತಿಲ್ಲ" ಅಂತ ಒಂದು ಸಾಲು. ಕೋಲಾರ ಜಿಲ್ಲೆಗೆ ಇರೋದೇ ಆರು ತಾಲ್ಲೂಕು, ಆರು ಹೆಸರಿನ ಪಟ್ಟಿ ಇಟ್ಕೊಂಡು ಬಾಗಿಲಲ್ಲೇ ಚೆಕ್ ಮಾಡೋಕೆ ಏನು ಕಷ್ಟ? ಎರರ್ ಹೆಂಗೆ ಬರೆಯಬೇಕು ಅನ್ನೋದಕ್ಕೂ ಆರ್‌ಎಫ್‌ಸಿ 9457 ಅಂತಲೇ ಒಂದು ಇಂಟರ್ನೆಟ್ ಮಾನದಂಡ ಇದೆ, 2023ರಲ್ಲಿ ಬಂದಿದ್ದು, ಮೊದಲು 7807 ಇತ್ತು. ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್ ಅಂತ ಫೀಲ್ಡ್‌ಗಳು, ಎಲ್ಲಾ ಕಡೆ ಒಂದೇ ಆಕಾರ.

ಈಗ ಓಪಿಗೆ (ಪೋಸ್ಟ್ ಹಾಕಿದೋನಿಗೆ) ಒಂದು ಪ್ರಶ್ನೆ. ನಿನ್ನ 23 ಟೆಸ್ಟಲ್ಲಿ ಡೇಟಾ ಎಲ್ಲಿಂದ ಬಂತು ತಮ್ಮ?

ಮಂಡಿ_ಕೋಡರ್ · ರಾತ್ರಿ 9:49
ನಾನೇ ಟೈಪ್ ಮಾಡಿದ್ದು ಅಕ್ಕ. ಟೆಸ್ಟ್ ಶುರುವಾಗ್ತಿದ್ದಂಗೆ ನಾಲ್ಕು ರೈತರನ್ನ ಸೇರಿಸುತ್ತೆ, ಕೋಲಾರ ಅಂತ ಹುಡುಕುತ್ತೆ, ಸಿಗುತ್ತೆ, ಹಸಿರು ಬರುತ್ತೆ.

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 9:51
ಅದೇ. ನೀನೇ ಬಚ್ಚಿಟ್ಟು ನೀನೇ ಹುಡುಕ್ತಿದೀಯ. ಅಸಲಿ ಡೇಟಾ ಎಲ್ಲಿಂದ ಬಂತು?

ಮಂಡಿ_ಕೋಡರ್ · ರಾತ್ರಿ 9:53
ಮಂಡಿ ರೈಟರ್ ಹತ್ರ ಹಳೇ ಎಕ್ಸೆಲ್ ಇತ್ತು. ನಾನು ಅದನ್ನ ಪರಿವರ್ತನೆ ಮಾಡಿ ತುಂಬಿಸಿದ್ದು.

ಟೆನ್ಶನ್_ತಿಮ್ಮ · ರಾತ್ರಿ 9:54
ಎಕ್ಸೆಲ್ ಅಂದ್ರೆ ಕೊನೇಲಿ ಸ್ಪೇಸ್ ಇರುತ್ತೆ ಬ್ರೋ, ಟ್ರಿಮ್ ಮಾಡಿ

ಮಂಡಿ_ಕೋಡರ್ · ರಾತ್ರಿ 9:56
ಮಾಡಿದೀನಿ. ಎರಡೂ ಕಡೆ

ಮಾರಿಕುಪ್ಪಂ_ಲೋಕಲ್ · ರಾತ್ರಿ 10:01
ಡೇಟಾಬೇಸ್ ಎನ್‌ಕೋಡಿಂಗ್ ಇರಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಅಂತ ಇಟ್ರೆ ಕನ್ನಡ ಬರಲ್ಲ, ಎಂಬಿ4 ಅಂತ ಇರೋದನ್ನ ಹಾಕಬೇಕು.

ಬಿಟ್ಟು_ಬೈಟು · ರಾತ್ರಿ 10:04
ತಪ್ಪು ಮಾಹಿತಿ. ಕನ್ನಡ ಮೂರು ಬೈಟಲ್ಲೇ ಮುಗಿಯುತ್ತೆ, ಅವರ ಹಳೇ ಯುಟಿಎಫ್8ನಲ್ಲೂ ಕನ್ನಡ ಆರಾಮಾಗಿ ಕೂರುತ್ತೆ. ಎಂಬಿ4 ಬೇಕಾಗೋದು ನಾಲ್ಕು ಬೈಟಿನ ಎಮೋಜಿಗೆ. ಅದೂ ಅಲ್ಲದೆ ಅವರು ಪೋಸ್ಟ್‌ಗ್ರೆಸ್ ಅಂತ ಮೊದಲನೇ ಸಾಲಲ್ಲೇ ಬರೆದಿದಾರೆ ಕಣಣ್ಣ, ಓದಿ

ಮಾರಿಕುಪ್ಪಂ_ಲೋಕಲ್ · ರಾತ್ರಿ 10:05
ಟ್ರೈನಲ್ಲಿ ನಿಂತ್ಕೊಂಡು ಓದ್ತಿದೀನಿ ಸ್ವಾಮಿ, ವೈಟ್‌ಫೀಲ್ಡ್ ದಾಟಿದ್ರೆ ನೆಟ್ವರ್ಕೂ ಇಲ್ಲ

ತೋಟದ_ಮನೆ · ರಾತ್ರಿ 10:08
ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಿಮ್ಮ ಆ್ಯಪಲ್ಲಿ ಇವತ್ತಿನ ರೇಟು ಬರುತ್ತಾ? 15 ಕೆಜಿ ಬಾಕ್ಸಿಗೆ ಎಷ್ಟು ಹೋಯ್ತು? ನಂದು ಇನ್ನೆರಡು ಕೀಳೋದು ಬಾಕಿ ಐತೆ.

ಅಂತರಗಂಗೆ_ಗಾಳಿ · ರಾತ್ರಿ 10:10
2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆಗ ಕಿತ್ತಿದ್ರೆ ಈಗ ನೀವೇ ಒಂದು ಸರ್ವರ್ ತಗೋಬಹುದಿತ್ತು ಅಣ್ಣ

ತೋಟದ_ಮನೆ · ರಾತ್ರಿ 10:12
ಆಗ ನಮ್ಮ ತೋಟದಲ್ಲಿ ಇದ್ದಿದ್ದು ಬೀನ್ಸು. ನೆನಪಿಸಬೇಡಪ್ಪ

ಮಂಡಿ_ಕೋಡರ್ · ರಾತ್ರಿ 10:21
ಒಂದು ಹೊಸ ವಿಷಯ ಗೊತ್ತಾಯ್ತು, ಇನ್ನೂ ತಲೆ ಕೆಡ್ತು. ಪೋಸ್ಟ್‌ಮನ್‌ನಲ್ಲಿ (ಎಪಿಐ ಟೆಸ್ಟ್ ಮಾಡೋ ಟೂಲು) ಫಿಲ್ಟರ್ ಇಲ್ಲದೆ ಎಲ್ಲಾ ರೈತರನ್ನ ತರಿಸಿ, ಆ ಉತ್ತರದಲ್ಲಿರೋ "ಕೋಲಾರ" ಪದ ಕಾಪಿ ಮಾಡಿ ಫಿಲ್ಟರಿಗೆ ಪೇಸ್ಟ್ ಮಾಡಿದ್ರೆ 212 ಜನ ಬರ್ತಾರೆ!!! ಅದೇ ಪದ ನಾನು ಕೈಯಲ್ಲಿ ಟೈಪ್ ಮಾಡಿದ್ರೆ ಖಾಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಿದೀನಿ, ಕೂದಲೆಳೆ ವ್ಯತ್ಯಾಸ ಇಲ್ಲ. ದೆವ್ವ ಹಿಡಿದಿದೆಯಾ ಇದಕ್ಕೆ

ಬಿಟ್ಟು_ಬೈಟು · ರಾತ್ರಿ 10:23
ಆಹಾ. ನಿಲ್ಲಿ ನಿಲ್ಲಿ. ಪೈಥಾನ್ ತೆರೆದು ಎರಡರ ಉದ್ದ ಎಷ್ಟು ಅಂತ ಕೇಳಿ. ಆಮೇಲೆ ಎರಡನ್ನೂ ಆಸ್ಕಿ ಫಂಕ್ಷನ್ನಿಗೆ ಕೊಟ್ಟು ಏನು ಬರುತ್ತೆ ಇಲ್ಲಿ ಹಾಕಿ.

ಮಂಡಿ_ಕೋಡರ್ · ರಾತ್ರಿ 10:29
ನಾನು ಟೈಪ್ ಮಾಡಿದ್ದು: ಉದ್ದ 5. ಕೋಡ್ 0ಸಿ95, 0ಸಿಸಿಬಿ, ಆಮೇಲೆ ಲಾರ
ಡೇಟಾಬೇಸಲ್ಲಿರೋದು: ಉದ್ದ 7!! ಕೋಡ್ 0ಸಿ95, 0ಸಿಸಿ6, 0ಸಿಸಿ2, 0ಸಿಡಿ5, ಆಮೇಲೆ ಲಾರ
ಏನಣ್ಣ ಇದು

ಬಿಟ್ಟು_ಬೈಟು · ರಾತ್ರಿ 10:44
ಸಿಕ್ತು ಕಳ್ಳ. ರೈಟರ್ ಎಕ್ಸೆಲ್ ಹಳೇ ನುಡಿ ಫಾಂಟಲ್ಲಿ ಇತ್ತು ತಾನೆ? ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲಾ ಕಡೆ ಒಂದೇ ನಂಬರ್ ಕೊಡೋ ಪದ್ಧತಿ) ಅಲ್ಲದ್ದು? ನೀವು ಯಾವುದೋ ಸ್ಕ್ರಿಪ್ಟ್ ಹಾಕಿ ಯುನಿಕೋಡಿಗೆ ತಿರುಗಿಸಿದೀರ.

ಒಂದನೇ ಕ್ಲಾಸಲ್ಲಿ ಕಾಗುಣಿತ ಹೇಳಿದ್ದು ನೆನಪು ಮಾಡ್ಕೊಳ್ಳಿ. ಕ ಎತ್ವ ಕೆ, ಕ ಎತ್ವದ ದೀರ್ಘ ಕೇ, ಕ ಒತ್ವ ಕೊ, ಕ ಒತ್ವದ ದೀರ್ಘ ಕೋ. ಯುನಿಕೋಡಲ್ಲಿ "ಕೋ" ಬರೆಯೋಕೆ ಎರಡು ದಾರಿ ಇದೆ. ಒಂದು, ಕ ಆದ್ಮೇಲೆ ಒತ್ವದ ದೀರ್ಘ ಅನ್ನೋ ಒಂದೇ ಗುರುತು, 0ಸಿಸಿಬಿ. ಇನ್ನೊಂದು, ಬಿಡಿಬಿಡಿಯಾಗಿ ಎತ್ವ, ಅದರ ಮೇಲೆ ಕೊಂಬಿನ ಇಳಿ, ಅದರ ಮೇಲೆ ದೀರ್ಘ, ಮೂರು ತುಂಡು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಯಾಕಂದ್ರೆ ಫಾಂಟು ಜೋಡಿಸಿ ತೋರಿಸುತ್ತೆ. ಪೋಸ್ಟ್‌ಗ್ರೆಸ್ಸಿಗೆ ಕಣ್ಣಿಲ್ಲ, ಅದು ಬೈಟ್ ಹೋಲಿಸುತ್ತೆ. ಒಂದು ಕೋಲಾರ 15 ಬೈಟು, ಇನ್ನೊಂದು ಕೋಲಾರ 21 ಬೈಟು, ಅದರ ಲೆಕ್ಕಕ್ಕೆ ಎರಡೂ ಬೇರೆ ಊರು.

ಹಳೇ ನುಡಿ ಫಾಂಟಲ್ಲಿ ಅಕ್ಷರ ಇರ್ತಿದ್ದಿದ್ದೇ ತುಂಡುತುಂಡಾಗಿ. ಸ್ಕ್ರಿಪ್ಟು ಒಂದೊಂದು ತುಂಡಿಗೆ ಒಂದೊಂದು ಯುನಿಕೋಡ್ ಗುರುತು ಇಟ್ಟು ಕೈ ತೊಳ್ಕೊಂಡಿದೆ, ಕೊನೇಲಿ ಜೋಡಿಸಿಲ್ಲ.

ಈಗ ನಿಮ್ಮ ತಾಲ್ಲೂಕು ನೋಡಿ. ಮಾಲೂರು, ಮುಳಬಾಗಿಲು: ಇಳಿ, ಕೊಂಬು, ಗುಡಿಸು ಇದೆ, ಒಡೆಯೋ ಗುರುತು ಒಂದೂ ಇಲ್ಲ, ಅದಕ್ಕೇ ಬಂತು. ಬಂಗಾರಪೇಟೆ: "ಪೇ"ನಲ್ಲಿ ಎತ್ವದ ದೀರ್ಘ, ಒಡೆಯುತ್ತೆ. ಶ್ರೀನಿವಾಸಪುರ: "ಶ್ರೀ"ನಲ್ಲಿ ಗುಡಿಸಿನ ದೀರ್ಘ, ಅದೂ ಒಡೆಯುತ್ತೆ.

ಮಂಡಿ_ಕೋಡರ್ · ರಾತ್ರಿ 10:47
ಅಯ್ಯೋ ಶಿವನೇ. ಹೌದು ನುಡಿ ಫೈಲೇ. ಸ್ಕ್ರಿಪ್ಟೂ ನಾನೇ ಬರೆದಿದ್ದು 🙈

ಅಂತರಗಂಗೆ_ಗಾಳಿ · ರಾತ್ರಿ 10:48
ದೆವ್ವ ಹಿಡಿದಿದ್ದಲ್ಲ, ದೀರ್ಘ ಹಿಡಿದಿದ್ದು ಹಹಹ

ಗುಡಿಬಂಡೆ_ಗುರು · ರಾತ್ರಿ 10:52
ಹಾಗಾದ್ರೆ ನಮ್ಮ ಜಿಲ್ಲೆಯಲ್ಲಿ ಬಾಗೇಪಲ್ಲಿ, ಚೇಳೂರು ಹೊಡೆಸ್ಕೊಳುತ್ತೆ. ಚಿಂತಾಮಣಿ, ಶಿಡ್ಲಘಟ್ಟ, ಗುಡಿಬಂಡೆ ಸೇಫ್. ಗೌರಿಬಿದನೂರಲ್ಲಿ ಔತ್ವ ಇದೆಯಲ್ಲ ಅದು?

ಬಿಟ್ಟು_ಬೈಟು · ರಾತ್ರಿ 10:54
ಔತ್ವ ಒಡೆಯಲ್ಲ. ಯುನಿಕೋಡ್ ಪ್ರಕಾರ ಒಡೆಯೋದು ಐದೇ: ಗುಡಿಸಿನ ದೀರ್ಘ, ಎತ್ವದ ದೀರ್ಘ, ಐತ್ವ, ಒತ್ವ, ಒತ್ವದ ದೀರ್ಘ. ಗೌರಿಬಿದನೂರು ಪಾಸ್.

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 10:57
ನಮ್ಮ ಕಡೆ ಕೊರಟಗೆರೆ, ತುರುವೇಕೆರೆ. ಹತ್ತರಲ್ಲಿ ಎರಡೇ. ಹಂಗಾಗಿ ಟೆಸ್ಟ್ ಮಾಡೋರು ತಿಪಟೂರು ಶಿರಾ ಪಾವಗಡ ಹಾಕಿ ನೋಡಿ ಎಲ್ಲಾ ಸರಿ ಇದೆ ಅಂತ ಬಿಟ್ಬಿಡ್ತಾರೆ. ಇನ್ಮೇಲೆ ನನ್ನ ಟೆಸ್ಟ್ ಡೇಟಾದಲ್ಲಿ ಕೊರಟಗೆರೆ ಖಾಯಂ.

ಟೆನ್ಶನ್_ತಿಮ್ಮ · ರಾತ್ರಿ 10:58
ಸರಿ ಮಾಡೋದು ಹೆಂಗೆ ಅಂತ ಯಾರಾದ್ರೂ ಹೇಳಿ, ನನ್ನ ಕಾಲೇಜ್ ಪ್ರಾಜೆಕ್ಟಲ್ಲೂ ಇದೇ ಇದೆ ಅನ್ಸುತ್ತೆ

ಬಿಟ್ಟು_ಬೈಟು · ರಾತ್ರಿ 11:06
ನಾರ್ಮಲೈಸ್ ಮಾಡಬೇಕು, ಎನ್‌ಎಫ್‌ಸಿ ಅನ್ನೋ ರೂಪಕ್ಕೆ. ಬಿಡಿ ತುಂಡು ಇದ್ರೆ ಜೋಡಿಸಿ ಒಂದು ಮಾಡುತ್ತೆ. ಪೈಥಾನಲ್ಲಿ ಯುನಿಕೋಡ್‌ಡೇಟಾ ಅನ್ನೋ ಮಾಡ್ಯೂಲಲ್ಲಿ ಇದೆ, ಜಾವಾಸ್ಕ್ರಿಪ್ಟಲ್ಲಿ ಸ್ಟ್ರಿಂಗಿಗೇ ನಾರ್ಮಲೈಸ್ ಇದೆ, ಪೋಸ್ಟ್‌ಗ್ರೆಸ್ 13ರಿಂದ ಅಲ್ಲೂ ಫಂಕ್ಷನ್ ಇದೆ. ಒಳಗೆ ಬರೋ ಪ್ರತಿ ಪದಕ್ಕೂ ಮಾಡಿ, ಅಂದ್ರೆ ಸೇವ್ ಮಾಡುವಾಗಲೂ ಹುಡುಕುವಾಗಲೂ. ಒಂದೇ ಕಡೆ ಮಾಡಿದ್ರೆ ಮತ್ತೆ ಇದೇ ಗೋಳು, ತಿರುಗಿಸಿಕೊಂಡು ಬರುತ್ತೆ ಅಷ್ಟೇ. ಹಳೇ ಸಾಲುಗಳಿಗೆ ಒಂದು ಅಪ್‌ಡೇಟ್ ಓಡಿಸಿ, ಮೊದಲು ಬ್ಯಾಕಪ್ ತಗೊಳ್ಳಿ ಪುಣ್ಯಾತ್ಮ.

ಮಾರಿಕುಪ್ಪಂ_ಲೋಕಲ್ · ರಾತ್ರಿ 11:13
ಈಗ ನನಗೊಂದು ಹಳೇ ಪಾಪ ನೆನಪಾಯ್ತು. ಹಿಂದಿನ ಕೆಲಸದಲ್ಲಿ ಡ್ರಾಪ್‌ಡೌನಲ್ಲಿ ಒಂದೇ ಊರು ಎರಡೆರಡು ಸಲ ಬರ್ತಿತ್ತು, ಎರಡು ಬಂಗಾರಪೇಟೆ. ನಾನು ಫ್ರಂಟೆಂಡಲ್ಲಿ ಸೆಟ್ ಹಾಕಿ ಡೂಪ್ಲಿಕೇಟ್ ತೆಗೆಯೋಕೆ ನೋಡಿದೆ, ಹೋಗಲಿಲ್ಲ. ಕೊನೆಗೆ ಬೇಜಾರಾಗಿ ಎರಡನೇದನ್ನ ಕೋಡಲ್ಲೇ ಬಚ್ಚಿಟ್ಟೆ. ಆ ಎರಡನೇ ಬಂಗಾರಪೇಟೆ ಕೆಳಗೆ ಎಷ್ಟು ಜನ ಇದ್ರೋ ಏನೋ, ಅವರೆಲ್ಲ ಕಾಣೆಯಾದ್ರು. ಯಾರೂ ಕೇಳಲೂ ಇಲ್ಲ.

ಹಳೇ_ಜಾವಾ · ರಾತ್ರಿ 11:15
ಅದಕ್ಕೇ ಹೇಳಿದ್ದು ಬಾಗಿಲಲ್ಲೇ ತಡೀಬೇಕು ಅಂತ. ನಾನು 404 ಅಂದೆ, ಅಕ್ಕ 400 ಅಂದ್ರು, ನಂಬರ್ ಯಾವುದೋ ಇರಲಿ, ಗೊತ್ತಿಲ್ಲದ ತಾಲ್ಲೂಕು ಅಂತ ಮೊದಲನೇ ದಿನವೇ ಕೂಗಿದ್ರೆ ಇದು ಸಾಹುಕಾರ್ರ ತನಕ ಹೋಗ್ತಿತ್ತಾ?

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 11:18
@ಹಳೇ_ಜಾವಾ ಒಂದು ತಿದ್ದುಪಡಿ ಸಾರ್. ಇಲ್ಲಿ ಹುಡುಕೋ ಪದ ಸರಿಯಾಗೇ ಇತ್ತು, ಒಳಗೆ ಕೂತಿದ್ದೇ ಒಡೆದಿತ್ತು. ಕೇಳುವಾಗ ಚೆಕ್ ಮಾಡಿದ್ರೆ ಕೋಲಾರ ಪಾಸಾಗಿ ಮತ್ತೆ ಖಾಲಿನೇ ಬರ್ತಿತ್ತು. ತಡೀಬೇಕಿದ್ದು ತುಂಬಿಸುವಾಗ. ಆ ಆರು ಹೆಸರಲ್ಲಿ ಇಲ್ಲದ್ದನ್ನ ಒಳಗೆ ಬಿಡ್ತೀನಿ ಅನ್ನೋ ಇಂಪೋರ್ಟ್ ಸ್ಕ್ರಿಪ್ಟೇ ತಪ್ಪು.

ಹಳೇ_ಜಾವಾ · ರಾತ್ರಿ 11:20
ಒಪ್ಪಿದೆ. ಇವತ್ತಿಗೆ ಒಂದು

ಬಿಟ್ಟು_ಬೈಟು · ರಾತ್ರಿ 11:22
ನಿಜ ಹೇಳಬೇಕಂದ್ರೆ ಹೆಸರಲ್ಲಿ ಫಿಲ್ಟರ್ ಮಾಡೋದೇ ಬೇಡ. ತಾಲ್ಲೂಕಿಗೆ ಒಂದು ಕೋಡ್ ಇಡಿ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಅಂತ ಇದೆ, ಜಿಲ್ಲೆ, ತಾಲ್ಲೂಕು, ಹಳ್ಳಿ ಎಲ್ಲಕ್ಕೂ ನಂಬರ್ ಇದೆ. ಆ ನಂಬರಲ್ಲಿ ಕೇಳಲಿ, ಹೆಸರು ತೋರಿಸೋಕೆ ಮಾತ್ರ ಇರಲಿ.

ಗುಡಿಬಂಡೆ_ಗುರು · ರಾತ್ರಿ 11:25
+1. ಹೆಸರು ನಂಬಿಕೊಂಡ್ರೆ ಸರ್ಕಾರವೇ ಬದಲಾಯಿಸುತ್ತೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಲ್ಲಿ ತುಮ್ಕೂರ್ ಹೋಗಿ ತುಮಕೂರು ಆಯ್ತು, ಎಷ್ಟು ಸಿಸ್ಟಮ್‌ಗಳಲ್ಲಿ ಇವತ್ತಿಗೂ ಎರಡೂ ಇದೆ

ತೋಟದ_ಮನೆ · ರಾತ್ರಿ 11:27
ನಮ್ಮ ರೈಟರ್ ಬರೆಯೋದು ಸೀನಿವಾಸಪುರ ಅಂತ. ಅವನಿಗೆ ಯಾವ ಕೋಡು ಕೊಡ್ತೀರಿ

ಅಂತರಗಂಗೆ_ಗಾಳಿ · ರಾತ್ರಿ 11:28
ಟೊಮೆಟೊ, ಟೊಮ್ಯಾಟೊ, ಟಮಾಟೆ, ಟಮೋಟ, ಟಮಾಟ. ಅದಕ್ಕೆ ಮೊದಲು ಒಂದು ದಾರಿ ಹೇಳಿ

ಮಂಡಿ_ಕೋಡರ್ · ರಾತ್ರಿ 11:30
ನಗಬೇಡ ಮಾರಾಯ, ಬೆಳೆ ಕಾಲಮ್ಮಲ್ಲಿ ನಿಜವಾಗ್ಲೂ ನಾಲ್ಕು ಥರ ಇದೆ

ಟೆನ್ಶನ್_ತಿಮ್ಮ · ರಾತ್ರಿ 11:33
ಕೆಜಿಎಫ್ ಯಾಕೆ ಅರ್ಧ ಬಂತು? ಅದರಲ್ಲಿ ದೀರ್ಘವೇ ಇಲ್ಲ, ಎತ್ವ ಮಾತ್ರ

ಬಿಟ್ಟು_ಬೈಟು · ರಾತ್ರಿ 11:34
ಭೇಷ್ ತಿಮ್ಮ, ಅದನ್ನ ಎಲ್ರೂ ಮರೆತಿದ್ವಿ. ಓಪಿ, ಬಾರದ 5 ಜನರ ಕೆಜಿಎಫ್ ಉದ್ದ ನೋಡಿ

ಮಂಡಿ_ಕೋಡರ್ · ರಾತ್ರಿ 11:41
ಬಂದ 9 ಜನದ್ದು 7. ಬಾರದ 5 ಜನದ್ದು 8. ಕೊನೇಲಿ 200ಸಿ ಅಂತ ಒಂದು ಕೂತಿದೆ. ಆ ಐದು ಹೆಸರು ಸಾಹುಕಾರ್ರ ಮಗ ವಾಟ್ಸ್ಆ್ಯಪಲ್ಲಿ ಕಳಿಸಿದ್ದು, ನಾನು ಪೇಸ್ಟ್ ಮಾಡಿದ್ದೆ. ಟ್ರಿಮ್ ಮಾಡಿದ್ರೂ ಹೋಗಿಲ್ವಲ್ಲ ಅದು?

ಬಿಟ್ಟು_ಬೈಟು · ರಾತ್ರಿ 11:52
ಹೋಗಲ್ಲ. ಅದು ಸ್ಪೇಸ್ ಅಲ್ಲ, ಅಗಲವೇ ಇಲ್ಲದ ಕಣ್ಣಿಗೆ ಕಾಣದ ಗುರುತು, ಝಡ್‌ಡಬ್ಲ್ಯುಎನ್‌ಜೆ ಅಂತಾರೆ. ಮುಂದಿನ ಅಕ್ಷರ ಒತ್ತಕ್ಷರ ಆಗದೆ ಇರಲಿ ಅಂತ ಹಾಕೋದು. ಎನ್‌ಎಫ್‌ಸಿ ಕೂಡ ಇದನ್ನ ಮುಟ್ಟಲ್ಲ, ನೆನಪಿರಲಿ.

ಹಂಗಂತ ಎಲ್ಲಾ ಕಡೆ ಕಿತ್ತು ಬಿಸಾಕಬೇಡಿ. "ರಾಜ್‌ಕುಮಾರ್" ಅನ್ನೋ ಹೆಸರಲ್ಲಿ ಅದು ಬೇಕೇ ಬೇಕು, ತೆಗೆದ್ರೆ "ರಾಜ್ಕುಮಾರ್" ಅಂತ ಜ ಕೆಳಗೆ ಕ ಒತ್ತು ಬಂದು ಕೂರುತ್ತೆ. ಬಿಲ್ಲಲ್ಲಿ ಹಂಗೆ ಬಂದ್ರೆ ರೈತ ಬಂದು ಕೇಳ್ತಾನೆ. ತೋರಿಸೋ ಹೆಸರು ಹಂಗೇ ಇರಲಿ, ಪಕ್ಕದಲ್ಲಿ ಹುಡುಕೋಕೆ ಅಂತಲೇ ಇನ್ನೊಂದು ಕಾಲಮ್ ಇಡಿ, ಅದರಲ್ಲಿ ಎನ್‌ಎಫ್‌ಸಿ ಮಾಡಿ ಕಾಣದ ಗುರುತುಗಳನ್ನ ತೆಗೆದು ಹಾಕಿ.

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 11:58
ಇಷ್ಟು ಬಂದಿದೀವಿ, ನನ್ನದೂ ಎರಡು ಹೇಳಿಬಿಡ್ತೀನಿ, ಮಲಗೋ ಮುಂಚೆ.

ಒಂದು, ಕನ್ನಡ ಅಂಕಿ. ಫೋನಲ್ಲಿ ಕನ್ನಡ ಕೀಬೋರ್ಡ್ ಇಟ್ಕೊಂಡಿರೋರು ಬಾಕ್ಸ್ ಎಷ್ಟು ಅಂದ್ರೆ ೧೫ ಅಂತಲೇ ಹಾಕ್ತಾರೆ. ಪೈಥಾನಿನ ಇಂಟ್ ಅದನ್ನ ಖುಷಿಯಾಗಿ 15 ಅಂತ ಓದುತ್ತೆ. ಜಾವಾಸ್ಕ್ರಿಪ್ಟಿನ ನಂಬರ್ ಓದಲ್ಲ, ನ್ಯಾನ್ (ಸಂಖ್ಯೆ ಅಲ್ಲ ಅಂತ) ಕೊಡುತ್ತೆ. ಆ ನ್ಯಾನನ್ನ ಜೇಸನ್ ಮಾಡಿದ್ರೆ ಸದ್ದಿಲ್ಲದೆ ನಲ್, ಅಂದ್ರೆ ಖಾಲಿ, ಆಗಿಬಿಡುತ್ತೆ. ನಾನು ಟೆಸ್ಟ್ ಮಾಡ್ತಿದ್ದ ಒಂದು ಕಡೆ ಹಾಲಿನ ಲೀಟರು ಹಂಗೇ ನಲ್ ಆಗಿ, ಮೊತ್ತ ಕೂಡುವಾಗ ಸೊನ್ನೆ ಆಗಿ, ಒಬ್ಬ ಅಜ್ಜಿಗೆ ಎರಡು ವಾರದ ದುಡ್ಡು ಕಮ್ಮಿ ಬಂತು. ಅಜ್ಜಿ ಕ್ಯಾಲೆಂಡರಲ್ಲಿ ದಿನಾ ಲೀಟರ್ ಬರೆದಿಟ್ಟಿದ್ರು, ಅದನ್ನ ಗೋಡೆಯಿಂದ ಕಿತ್ತು ತಂದು ಟೇಬಲ್ ಮೇಲೆ ಹಾಕಿದ್ರು. ಆ ಕ್ಯಾಲೆಂಡರೇ ನಮಗೆ ಸಿಕ್ಕ ಒಳ್ಳೇ ಟೆಸ್ಟ್ ಕೇಸು.

ಇನ್ನೊಂದು, ಸಮಯ. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಇದ್ರೆ ನಮ್ಮ ಬೆಳಗಿನ ಜಾವ ಐದೂವರೆ ತನಕ ಅದಕ್ಕಿನ್ನೂ ನಿನ್ನೆ. ನಾಲ್ಕೂವರೆಗೆ ಎಂಟ್ರಿ ಆದ ಲೋಡಿಗೆ ನಿನ್ನೆ ತಾರೀಖು ಬೀಳುತ್ತೆ. ತಮ್ಮ, ನಿನ್ನ ಮಂಡೀಲಿ ಲೋಡ್ ಎಷ್ಟೊತ್ತಿಗೆ ಬರುತ್ತೆ?

ಮಂಡಿ_ಕೋಡರ್ · ರಾತ್ರಿ 12:01
ರಾತ್ರಿಯಿಡೀ ಬರುತ್ತೆ ಅಕ್ಕ… ಸರ್ವರ್ ಯುಟಿಸಿನೇ

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 12:02
ಅಯ್ಯೋ ಪಾಪ. ತಾರೀಖು ಜೊತೆ +05:30 ಸೇರಿಸಿ ಕಳಿಸು, ವರ್ಷ ತಿಂಗಳು ದಿನ ಆ ಕ್ರಮದಲ್ಲಿ. ಜೇಸನ್ನಲ್ಲಿ ತಾರೀಖು ಅನ್ನೋ ಟೈಪೇ ಇಲ್ಲ, ನೀನು ಬರೆದದ್ದೇ ವೇದ.

ಗುಡಿಬಂಡೆ_ಗುರು · ರಾತ್ರಿ 12:05
ದುಡ್ಡನ್ನ ದಶಮಾಂಶದಲ್ಲಿ ಇಟ್ಟಿಲ್ಲ ತಾನೆ? 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರುತ್ತೆ. ಕಮಿಷನ್ ಲೆಕ್ಕ ಪೈಸೆಯಲ್ಲಿ ಪೂರ್ಣಾಂಕ ಇಡಿ, ತೋರಿಸುವಾಗ ನೂರರಿಂದ ಭಾಗಿಸಿ

ಮಂಡಿ_ಕೋಡರ್ · ರಾತ್ರಿ 12:06
ಅದೊಂದು ಮಾತ್ರ ಸರಿ ಮಾಡಿದೀನಿ, ನಮ್ಮಪ್ಪನ ಆಣೆಗೂ

ಹಳೇ_ಜಾವಾ · ರಾತ್ರಿ 12:08
ಟೆಸ್ಟ್ ಹೆಂಗೆ ಬರೀಬೇಕು ಅನ್ನೋದು ಯಾರೂ ಹೇಳಲಿಲ್ಲ. ಸ್ಟೇಟಸ್ 200 ಬಂತಾ ಅಂತ ನೋಡೋದು ಟೆಸ್ಟ್ ಅಲ್ಲ. ಫಿಲ್ಟರ್ ಇಲ್ಲದೆ ತಂದ ಒಟ್ಟು ಎಷ್ಟು, ಆರೂ ತಾಲ್ಲೂಕು ಬೇರೆಬೇರೆ ಕೇಳಿ ಕೂಡಿಸಿದ್ರೆ ಎಷ್ಟು, ಎರಡೂ ತಾಳೆ ಆಗಬೇಕು. ರೈಟರು ಸಾಯಂಕಾಲ ಪುಸ್ತಕ ಮುಚ್ಚುವಾಗ ಮಾಡೋದೂ ಅದೇ. ಒಂದು ಟೆಸ್ಟು, ಅಸಲಿ ಡೇಟಾದ ಪ್ರತಿ ಮೇಲೆ ಓಡಿಸು, ಇವತ್ತಿನ ಕಥೆ ಎರಡು ಸೆಕೆಂಡಲ್ಲಿ ಸಿಕ್ಕಿರೋದು.

ಕ್ಯೂಎ_ಅಕ್ಕ_ತುಮಕೂರು · ರಾತ್ರಿ 12:10
ಇದಕ್ಕೆ ನನ್ನ ಪೂರ್ತಿ ವೋಟು. ಅಸಲಿ ಪ್ರತಿಯಲ್ಲಿ ಫೋನ್ ನಂಬರ್, ಬ್ಯಾಂಕ್ ನಂಬರ್ ಮಾತ್ರ ಅಳಿಸಿಬಿಡು, ಹೆಸರು ಊರು ಮುಟ್ಟಬೇಡ… ಅಲ್ಲ, ಹೆಸರೂ ಬದಲಾಯಿಸು, ಆದ್ರೆ ಹೆಸರಿಗೆ ಹೆಸರೇ ಇರಲಿ, "ಟೆಸ್ಟ್1 ಟೆಸ್ಟ್2" ಬೇಡ. ಟೆಸ್ಟ್1ನಲ್ಲಿ ದೀರ್ಘ ಎಲ್ಲಿಂದ ಬರಬೇಕು

ಮಾರಿಕುಪ್ಪಂ_ಲೋಕಲ್ · ರಾತ್ರಿ 12:11
ಬಂಗಾರಪೇಟೆ ಬಂತು, ಇಳೀತಿದೀನಿ. ನಿಜವಾದದ್ದು, ಎರಡನೇದಲ್ಲ

ಮಂಡಿ_ಕೋಡರ್ · ಬೆಳಿಗ್ಗೆ 8:40
ರಾತ್ರಿನೇ ಕೂತು ಮಾಡಿದೆ. ಬ್ಯಾಕಪ್ ತಗೊಂಡು ಎನ್‌ಎಫ್‌ಸಿ ಓಡಿಸ್ದೆ, ಹುಡುಕೋ ಕಾಲಮ್ ಸೇರಿಸ್ದೆ, ತಾಲ್ಲೂಕಿಗೆ ಕೋಡ್ ಇಟ್ಟೆ. ಕೋಲಾರ 212, ಬಂಗಾರಪೇಟೆ, ಶ್ರೀನಿವಾಸಪುರ ಎಲ್ಲಾ ಬಂತು, ಕೆಜಿಎಫ್ 14. ಜಾವಾ ಸಾರ್ ಹೇಳಿದ ತಾಳೆ ಟೆಸ್ಟ್ ಮೊದಲನೇ ಸಲಕ್ಕೇ ಕೆಂಪಾಯ್ತು, ನೋಡಿದ್ರೆ 3 ಜನಕ್ಕೆ ತಾಲ್ಲೂಕೇ ಖಾಲಿ. ರೈಟರನ್ನ ಕೇಳಿದ್ರೆ "ಅವರು ಆಂಧ್ರದ ಕಡೆಯೋರು, ಮದನಪಲ್ಲಿ, ಅದಕ್ಕೇ ಬರೆದಿಲ್ಲ" ಅಂದ. ಆರು ಹೆಸರಿನ ಪಟ್ಟಿ ಮೊದಲನೇ ದಿನವೇ ಸಾಕಾಗಲಿಲ್ಲ.

ಹಳೇ_ಜಾವಾ · ಬೆಳಿಗ್ಗೆ 8:52
ಮೂರು ಜನ ಸಿಕ್ಕಿದ್ದು ಟೆಸ್ಟಿಂದ, ನೆನಪಿಟ್ಕೋ

ಮಂಡಿ_ಕೋಡರ್ · ಬೆಳಿಗ್ಗೆ 9:05
ಹೂಂ ಸಾರ್. ಇನ್ನೊಂದು. ಸಾಹುಕಾರ್ರು ಫೋನ್ ಮಾಡಿ "ನೀನು ಸರಿ ಮಾಡಿದ್ಮೇಲೆ ಮುನಿವೆಂಕಟಪ್ಪ ಏಳು ಸಲ ಬರ್ತಾನೆ, ಡೂಪ್ಲಿಕೇಟ್ ತೆಗಿ" ಅಂದ್ರು. ತೆಗೆಯೋಕೆ ಹೊರಟಿದ್ದೆ, ರೈಟರ್ ಓಡಿ ಬಂದು ಕೈ ಹಿಡ್ಕೊಂಡ. ಏಳೂ ಬೇರೆಬೇರೆ ಮುನಿವೆಂಕಟಪ್ಪ, ಅದರಲ್ಲಿ ಇಬ್ರು ಒಂದೇ ಊರು.

ತೋಟದ_ಮನೆ · ಬೆಳಿಗ್ಗೆ 9:11
ಅದರಲ್ಲಿ ಒಬ್ಬ ನಮ್ಮ ಚಿಕ್ಕಪ್ಪ. ಅವರ ಬಾಕ್ಸು ಎಷ್ಟಕ್ಕೆ ಹೋಯ್ತು ನೋಡಿ ಹೇಳಪ್ಪ ಮೊದಲು